ಅಜ್ಜಿಯ ನಿದ್ದೆಮಾತ್ರೆ
ಮಧುವನಹಳ್ಳಿಯಿಂದ ಕೊಳ್ಳೇಗಾಲದ ಕಾಲೇಜಿಗೆ ಹೋಗುವ ಹುಡುಗನಿಗೆ ಹುಡುಗನ ಮೇಲೇ ಮನಸ್ಸಾದರೆ ಯಾರ ಹತ್ತಿರ ಹೇಳಿಕೊಳ್ಳಬೇಕು? ಊರಲ್ಲಿ ಎಲ್ಲರೂ ಗುರುತಿನವರೇ. ನಿದ್ದೆ ಬಾರದ ರಾತ್ರಿ ಅಜ್ಜಿಯ ಮಾತ್ರೆ ಕೈಗೆ ಸಿಗುತ್ತದೆ. ಅದು ಆಲ್‌ಪ್ರಜೋಲಾಮ್, 'ಎಚ್1' ಪಟ್ಟಿಯ ಔಷಧ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಅಂಗಡಿಯಲ್ಲಿ ರಿಜಿಸ್ಟರ್ ಇಡಲೇಬೇಕು. ಆದರೆ ಮನೆಯ ಕಪಾಟನ್ನು ಯಾರು ನೋಡುತ್ತಾರೆ?

ಇಂಥ ಮಕ್ಕಳಲ್ಲಿ ಮಾತ್ರೆಗಳ ದುರ್ಬಳಕೆ ಹೆಚ್ಚೆಂದು ಅಮೆರಿಕದ ಅಧ್ಯಯನಗಳು ಕಂಡುಕೊಂಡಿವೆ. ಹಂಗಿಸುವಿಕೆ, ಮನೆಯವರು ಕೈಬಿಡುವ ಭಯ ಇದರ ಹಿಂದಿವೆ. ವಯಸ್ಕರ ಸಲಿಂಗ ಪ್ರೇಮ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಆದರೂ ನಮ್ಮ ಜಗಲಿಗಳಲ್ಲಿ ಗೇಲಿ ಇನ್ನೂ ನಿಂತಿಲ್ಲ. ಅದು ನನ್ನನ್ನು ಸುಡುತ್ತದೆ.

ಅಭ್ಯಾಸವಾಗಿದ್ದರೆ ಮಾತ್ರೆಯನ್ನು ದಿಢೀರನೆ ನಿಲ್ಲಿಸಬೇಡ ಮಗಾ, ಅದೂ ಅಪಾಯ. ವೈದ್ಯರನ್ನು ಕಾಣು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416: ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.