ನಾಲ್ಕು ಊರು, ಒಂದು ಚಾಕು

ಪ್ರವಾಸವೆಂದರೆ ಕಾಶಿ-ರಾಮೇಶ್ವರಗಳಿಗೇ ಹೋಗತಕ್ಕದ್ದೆಂಬ ನಿಯಮವೇನೂ ಇಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಯಾವ ಊರುಗಳಲ್ಲಿ ನಾವು ಮಕ್ಕಳಿಗೆ ಪಾಠ ಹೇಳಿದೆವೋ, ಆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳನ್ನು ನಿವೃತ್ತರಾದ ಮೇಲೆ ಮತ್ತೊಮ್ಮೆ ಸುತ್ತಿ ಬಂದೆವು. ವಿಜಯಪುರ ಜಿಲ್ಲೆಯ ಈ ಎರೆಯ ನಾಡಿನಲ್ಲಿ ನೋಡತಕ್ಕ ಸ್ಥಳಗಳು ಅನೇಕವುಂಟು. ಆದರೆ ನಮ್ಮನ್ನು ಮನೆಯಿಂದ ಹೊರಡಿಸಿದ್ದು ಗುಡಿಯೂ ಅಲ್ಲ, ಕೋಟೆಯೂ ಅಲ್ಲ. ನಾಲ್ಕಂಗುಲದ ಒಂದು ಮಡಚುವ ಚಾಕು.

ವಾಚಕರು ನಗಬಾರದು. ಮಾಸ್ತರಿಕೆಗೂ ಮಡಚುವ ಚಾಕುವಿಗೂ ಹಳೆಯ ನಂಟುಂಟು. ಹಿಂದಿನ ಶಾಲೆಗಳಲ್ಲಿ ಬೋರು ಎಂಬ ಜೊಂಡಿನ ಲೇಖನಿಯ ತುದಿಯನ್ನು ಹೆರೆದು ಸೀಳಿಕೊಡುವದು ಗುರುಗಳ ಕೆಲಸವಾಗಿತ್ತು. ಆಂಗ್ಲರು ಇಂಥ ಚಿಕ್ಕ ಚಾಕುವಿಗೆ ‘ಪೆನ್‌ನೈಫ್’ ಎಂದು ಹೆಸರಿಟ್ಟದ್ದೂ ಹಕ್ಕಿಯ ಗರಿಯ ಲೇಖನಿಯನ್ನು ಅದರಿಂದ ಹೆರೆಯುತ್ತಿದ್ದುದರಿಂದಲೇ. ನಮಗೆ ಸಂಸ್ಕೃತ ಕಲಿಸಿದ ಗುರುಗಳ ಹತ್ತಿರ ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದ ರಾಜರ್ಸ್ ಚಾಕು ಒಂದಿತ್ತು. ಅಲಗಿನ ಬುಡದಲ್ಲಿ ನಕ್ಷತ್ರ ಮತ್ತು ಶಿಲುಬೆಯ ಮುದ್ರೆ. ಮಸೆದು ಮಸೆದು ಅಲಗು ಅರ್ಧ ಸವೆದಿತ್ತು. ಆದರೆ ಒಂದು ದಿನವಾದರೂ ಅದು ಮೊಂಡಾದದ್ದನ್ನು ನಾವು ಕಾಣಲಿಲ್ಲ.

ನಮ್ಮ ನಿವೃತ್ತಿಯ ಸಮಯದಲ್ಲಿ ಪರದೇಶದಲ್ಲಿರುವ ಶಿಷ್ಯನೊಬ್ಬನು, “ಸರ್, ನಿಮಗೇನು ಕಳಿಸಲಿ?” ಎಂದು ಕೇಳಿದಾಗ ಆ ಚಾಕು ನೆನಪಾಯಿತು. “ಒಳ್ಳೆಯದೊಂದು ಮಡಚುವ ಚಾಕು ಕಳಿಸಪ್ಪ” ಎಂದೆವು. ಎಂಥದೆಂದು ಕೇಳಿದನು. ಆಗ ಸುಶ್ರುತಸಂಹಿತೆಯನ್ನು ತೆರೆದೆವು. ಸುಶ್ರುತನು ಶಸ್ತ್ರವೈದ್ಯನ ಉಪಕರಣಗಳಿಗೆ ಹೇಳಿದ ಆರು ಗುಣಗಳು ಗೃಹಸ್ಥನ ಚಾಕುವಿಗೂ ಸಲ್ಲತಕ್ಕವೇ ಆಗಿವೆ.

ಮೊದಲನೆಯದು ಸುಗ್ರಹ. ಹಿಡಿಯು ನಾಲ್ಕು ಬೆರಳು ತುಂಬುವಂತಿರಬೇಕು, ಒದ್ದೆ ಕೈಯಲ್ಲಿ ಜಾರಬಾರದು. ಎರಡನೆಯದು ಸುಲೋಹ. ಒಳ್ಳೆಯ ಉಕ್ಕಿನಲ್ಲಿ ಈಗ ಎರಡು ಜಾತಿ. ಇಂಗಾಲದ ಉಕ್ಕು ಬೇಗ ಹರಿತವಾಗುವದು, ಆದರೆ ನೀರು ನಿಂತರೆ ತುಕ್ಕು ಹಿಡಿಯುವದು. ಇನ್ನೊಂದು, 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯು ಸಿದ್ಧಪಡಿಸಿದ ತುಕ್ಕುನಿರೋಧಕ ಉಕ್ಕಿನ ವಂಶದ್ದು. ಇದರಲ್ಲಿ ನೂರಕ್ಕೆ ಹತ್ತೂವರೆ ಪಾಲಿಗೆ ಕಡಮೆಯಿಲ್ಲದೆ ಕ್ರೋಮಿಯಂ ಇರುವದು. ಕಾಳಜಿ ಮಾಡಲು ಪುರಸತ್ತಿಲ್ಲದವರಿಗೆ ಇದೇ ಮೇಲು. ಮೂರನೆಯದು ಸುಧಾರ: ಧಾರೆಯು ತೆಳುವಾಗಿ, ಬುಡದಿಂದ ತುದಿಯವರೆಗೆ ಸಮನಾಗಿರಬೇಕು. ನಾಲ್ಕನೆಯದು ಸುರೂಪ, ನೋಡಲು ಅಂದವಾದ ವಸ್ತುವನ್ನು ಮನುಷ್ಯನು ಜೋಕೆಯಿಂದ ಇಟ್ಟುಕೊಳ್ಳುವನು. ಐದನೆಯದು, ಮೊನೆಯು ಚೆನ್ನಾಗಿ ಕೂಡಿಬಂದಿರುವದು. ಮಡಚಿದಾಗ ಅದು ಹಿಡಿಯೊಳಗೆ ಪೂರ್ಣ ಅಡಗಬೇಕು, ಇಲ್ಲವಾದರೆ ಕಿಸೆಯನ್ನೂ ಬೆರಳನ್ನೂ ಕೊಯ್ಯುವದು. ಆರನೆಯದು ಅಕರಾಲ, ಅಂದರೆ ಧಾರೆಯಲ್ಲಿ ಹಲ್ಲು ಬಿದ್ದಿರಬಾರದು.

ಮಡಚುವ ಚಾಕುವಿಗೆ ಕೀಲೇ ಪ್ರಾಣವಾದ್ದರಿಂದ ಏಳನೆಯದೊಂದನ್ನು ನಾವೇ ಕೂಡಿಸಿದೆವು: ಸುಸಂಧಿ. ತೆರೆದು ಅಲಗನ್ನು ಅತ್ತಿತ್ತ ಅಲ್ಲಾಡಿಸಿ ನೋಡಬೇಕು, ಅಲುಗಿದರೆ ಬಿಡಬೇಕು. ಮಡಚಿದಾಗ ಅಲಗು ಎರಡೂ ಪಕ್ಕಕ್ಕೆ ತಾಕದೆ ನಡುವೆ ನಿಲ್ಲಬೇಕು. ಕೆಲಸದ ನಡುವೆ ತಾನಾಗಿ ಮಡಚಿಕೊಳ್ಳದಂತೆ ತಡೆಯಿರಬೇಕು. ಫ್ರಾನ್ಸಿನ ಸವೋಯಿ ಪ್ರಾಂತದಲ್ಲಿ 1890ರಿಂದ ಆಗುತ್ತಿರುವ ಓಪಿನೆಲ್ ಚಾಕುವು ಕಟ್ಟಿಗೆಯ ಹಿಡಿಯ ಸಾದಾ ಚಾಕುವೇ ಆದರೂ, 1955ರಲ್ಲಿ ಅದಕ್ಕೆ ತಿರುಗಿಸುವ ಉಂಗುರವೊಂದನ್ನು ಕೂಡಿಸಿ ಈ ಭಯವನ್ನು ನೀಗಿಸಿದರು. ಗುಂಡಿ ಒತ್ತಿದರೆ ಹಾರಿ ತೆರೆಯುವ ಚಾಕು ಮಾತ್ರ ಮಕ್ಕಳಿರುವ ಮನೆಗೆ ಸರ್ವಥಾ ಬೇಡ.

ಶಿಷ್ಯನು ಏಳೂ ಗುಣಗಳುಳ್ಳ ಚಾಕುವನ್ನೇ ಹುಡುಕಿ ಕಳಿಸಿದನು. ಇಂಗಾಲದ ಉಕ್ಕು, ಕೋಡಿನ ಹಿಡಿ. ಬೆಲೆ ಕೇಳಿದೆವು, ನಮ್ಮ ಮೊದಲಿನ ವರ್ಷಗಳ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು! ಆ ಬೆಲೆಯೇ ಅನರ್ಥಕ್ಕೆ ಮೂಲವಾಯಿತು. ಬಳಸಲು ಮನಸ್ಸು ಬಾರದೆ, ಕೀಲಿಗೆ ಮನೆಯ ಕುಸುಬಿ ಎಣ್ಣೆ ಬಿಟ್ಟು, ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟೆವು. ಒಂದು ಮಳೆಗಾಲ ಕಳೆಯಿತು.

ನಾವು ಈಗ ಇರುವದು ಇಂಡಿಯಲ್ಲಿ. ಇಂಡಿಯೆಂದರೆ ನಿಂಬೆ. ತೆಳು ಸಿಪ್ಪೆಯ, ರಸಭರಿತವಾದ ಈ ಹಣ್ಣಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಉಪ್ಪಿನಕಾಯಿಯ ದಿನ ಮನೆಯವರು, “ಅಷ್ಟು ರೊಕ್ಕದ ಚಾಕು ದೇವರ ಮುಂದ ಇಡಾಕ ಬಂದೈತೇನು?” ಎಂದು ಕೇಳಿದ್ದರಿಂದ ಅದನ್ನು ಹೊರತೆಗೆದೆವು. ಕುಸುಬಿ ಎಣ್ಣೆ ಒಣಗಿ ಅಂಟಾಗಿದ್ದುದರಿಂದ ಕೀಲು ಅಲುಗಲೊಲ್ಲದು. ಚೀಲದ ಚರ್ಮವು ತೇವವನ್ನು ಹಿಡಿದು ಬೆನ್ನಿನ ಮೇಲೆ ಕೆಂಪು ತುಕ್ಕು ಎಬ್ಬಿಸಿತ್ತು. ಹೇಗೋ ತೆರೆದು ನೂರು ನಿಂಬೆ ಕೊಯ್ದೆವು. ದಣಿದು ತೊಳೆಯದೆ ಮಲಗಿದೆವು. ಬೆಳಗಿಗೆ ಅಲಗಿನ ಮೇಲೆ ಕಪ್ಪು ಕಲೆ, ಧಾರೆಯಲ್ಲಿ ಸಣ್ಣ ತಗ್ಗುಗಳು. ಅದೇ ದಿನ ಬಸವನಬಾಗೇವಾಡಿಯಿಂದ ಪತ್ರ ಬಂದಿತು: ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡಿದ್ದಾರೆ, ಪರದೇಶದ ಶಿಷ್ಯನೂ ಬರುವನು. ನಾಲ್ಕೇ ದಿನ ಉಳಿದಿದ್ದವು.

ಚಾಕುವನ್ನು ಚೀಲದಲ್ಲಿಟ್ಟುಕೊಂಡು ಸಿಂದಗಿಯ ಬಸ್ಸು ಹತ್ತಿದೆವು. ಇಂಡಿಯ ಸಮೀಪದ ಸಾಲೋಟಗಿಯ ಹೆಸರು ಬಂದಾಗ ಕೈಮುಗಿಯುವದು ನಮ್ಮ ರೂಢಿ. ಅಲ್ಲಿಯ ಕಂಬದ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದು. ಮಂತ್ರಿ ನಾರಾಯಣನು ಕಟ್ಟಿಸಿದ ಅಲ್ಲಿನ ಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ವಿದ್ಯಾರ್ಥಿಗಳಿಗೂ ಗುರುಗಳಿಗೂ ಭೂದಾನಗಳಿದ್ದವು. ಗುರುವಿಗೆ ಕೊಟ್ಟದ್ದನ್ನು ಗುರುವು ಕಾಪಾಡಬೇಕೆಂದು ಶಾಸನದಲ್ಲಿ ಬರೆಯುವ ಅವಶ್ಯಕತೆ ಆ ಕಾಲದಲ್ಲಿ ಇದ್ದಿರಲಿಕ್ಕಿಲ್ಲವೆಂದು ನಮ್ಮಷ್ಟಕ್ಕೆ ನಾವೇ ನಾಚಿದೆವು.

ಸಿಂದಗಿಯಲ್ಲಿ ಸಾರಂಗಮಠದ ದರ್ಶನ ಮಾಡಿಕೊಂಡು ಪೇಟೆಗೆ ಬಂದರೆ, ಸಾಣೆಚಕ್ರವನ್ನು ಸಾಯಕಲ್ಲಿಗೆ ಕಟ್ಟಿಕೊಂಡ ಒಬ್ಬನು ಸಿಕ್ಕನು. “ಎರಡು ಮಿನಿಟಿನ ಕೆಲಸ” ಎಂದನು. ಒಣ ಚಕ್ರಕ್ಕೆ ಅಲಗನ್ನು ಒತ್ತಿದನು. ಕಿಡಿಗಳು ಮತಾಪಿನಂತೆ ಹಾರಿದವು. ಕೈಗೆ ಬಂದಾಗ ಧಾರೆಯ ಅಂಚಿಗೆ ನವಿಲುಗರಿಯಂಥ ನೀಲಿ ಬಣ್ಣ! ಕಾಗದವು ಸರ್ರನೆ ಹರಿಯಿತು, ನಾವೂ ಸಂತೋಷಪಟ್ಟೆವು. ಆದರೆ ರಾತ್ರಿ ಬೀಗರ ಮನೆಯಲ್ಲಿ ನಾಲ್ಕು ಸವತೆಕಾಯಿ ಹೆಚ್ಚುವಷ್ಟರಲ್ಲಿ ಅದು ಮೊಂಡಾಯಿತು.

ಮರುದಿನ ಮುದ್ದೇಬಿಹಾಳಕ್ಕೆ ಹೊರಟೆವು. ದಾರಿಯಲ್ಲಿ ತಾಳಿಕೋಟೆ. 1565ರ ಮಹಾಯುದ್ಧಕ್ಕೆ ಹೆಸರು ಕೊಟ್ಟ ಊರಿನಲ್ಲಿ ಒಂದು ಸವತೆಕಾಯಿಗೂ ಸೋತ ಚಾಕುವನ್ನಿಟ್ಟುಕೊಂಡು ಕುಳಿತ ನಮಗೆ ನಗುವೇ ಬಂದಿತು. ಮುದ್ದೇಬಿಹಾಳದಲ್ಲಿ ಕಂಬಾರಸಾಲೆಯೊಂದನ್ನು ವಿಚಾರಿಸಿ ಹೋದೆವು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಸಿ ಕುಡಗೋಲು ಬಡಿಯುತ್ತಿದ್ದ ನಲವತ್ತರ ಹರೆಯದ ಕಂಬಾರನು ಸುತ್ತಿಗೆ ಇಳಿಸಿ ಎದ್ದುನಿಂತು ಕಾಲುಮುಟ್ಟಿ ನಮಸ್ಕರಿಸಿದನು.

“ನಾ ನಿಮ್ಮ ಸಾಲ್ಯಾಗ ಏಳನೇತ್ತ ಮಟ ಕಲ್ತಾಂವ್ರಿ, ಗುರುಗಳ.”

ನೆನಪಾಯಿತು, ಬೇಡವಾದದ್ದೂ ನೆನಪಾಯಿತು. ವಿಭಕ್ತಿಗಳನ್ನು ಹೇಳಲಾರದೆ ನಿಂತ ಈ ಹುಡುಗನಿಗೆ, ಇಡೀ ವರ್ಗದ ಮುಂದೆ, “ಕುಂಠಬುದ್ಧಿ! ಎಷ್ಟು ಮಸೆದರೂ ಮೊನೆಯಾಗದ ಚಾಕು” ಎಂದಿದ್ದೆವು. ಹುಡುಗರು ನಕ್ಕಿದ್ದರು. ‘ಕುಂಠ’ವೆಂಬುದು ಸುಶ್ರುತನು ಶಸ್ತ್ರದ ಎಂಟು ದೋಷಗಳಲ್ಲಿ ಎಣಿಸಿದ ಶಬ್ದವೇ, ಮೊಂಡು ಎಂದರ್ಥ. ಪರೀಕ್ಷೆಗೆ ಮೊದಲೇ ಅವನು ಶಾಲೆ ಬಿಟ್ಟನು.

ಅವನು ಚಾಕುವನ್ನು ಬೆಳಕಿಗೆ ಹಿಡಿದು ನೋಡಿದನು. “ಉಕ್ಕು ಭಾಳ ಛಲೋ ಐತ್ರಿ. ಅದು ಮೊಂಡ ಅಲ್ರಿ; ಕಾಸಿದಾಂವ ಹದಾ ತಪ್ಪಿಸ್ಯಾನ.”

ಅವನು ಚಾಕುವಿನ ಮಾತನ್ನೇ ಆಡಿದನು. ನಾವು ಮಾತ್ರ ತಲೆ ಎತ್ತಲಾರದೆ ಹೋದೆವು.

ಆಮೇಲೆ ಅವನು ತಿಳಿಸಿ ಹೇಳಿದನು. ಉಕ್ಕನ್ನು ಕೆಂಪಗೆ ಕಾಸಿ ಅದ್ದಿದರೆ ಅದು ಗಾಜಿನಂತೆ ಪೆಡಸಾಗುವದು. ಮತ್ತೆ ಮೆಲ್ಲಗೆ ಕಾಸಿದಾಗ ಹದಕ್ಕೆ ಬರುವದು. ಇಂಥ ಉಕ್ಕಿಗೆ ಒಣಹುಲ್ಲಿನ ಹಳದಿ ಬಣ್ಣ ಬರುವಾಗ ನಿಲ್ಲಿಸಬೇಕು; ಅದು ಸುಮಾರು 230 ಅಂಶ ಸೆಂಟಿಗ್ರೇಡಿನ ಕಾವು. ನೀಲಿ ಬಂದಿತೆಂದರೆ ಸುಮಾರು 300 ಮುಟ್ಟಿತೆಂದು ತಿಳಿಯಬೇಕು. ಧಾರೆಗೆ ಅದು ಅತಿ ಮೆತ್ತಗೆ. ಅಂಶಗಳ ಲೆಕ್ಕ ಪುಸ್ತಕದ್ದು. ಅವನ ಲೆಕ್ಕವು ಕಣ್ಣಿನದು. ಆದರೆ ನೀಲಿಯಾದದ್ದು ಅಂಚು ಮಾತ್ರವಾದ್ದರಿಂದ, ಅಷ್ಟನ್ನು ನೀರಿನ ಕಲ್ಲಿನ ಮೇಲೆ ನಿಧಾನ ಸವೆಸಿದರೆ ಒಳಗಿನ ಹದ ಹಾಗೆಯೇ ಸಿಕ್ಕುವದು.

ಅವನು ಕಲ್ಲು ತಂದಿಟ್ಟನು. ನಮಗೆ ರೋಮಾಂಚವಾಯಿತು. ಮಸೆಯಲು ಉದ್ದಿನ ಬಣ್ಣದ ನುಣುಪು ಕಲ್ಲು, ಧಾರೆಯನ್ನು ನಿಲ್ಲಿಸಲು ಬೂರುಗದ ಹಲಗೆ ಎಂದು ಸುಶ್ರುತನು ಹೇಳಿದ್ದನ್ನು ನಾವು ಎಷ್ಟೋ ಸಲ ಓದಿದ್ದೆವು. ಕಲ್ಲನ್ನು ಕಂಡದ್ದು ಅಂದೇ. “ನೀವ ಮಸೀರಿ, ಗುರುಗಳ. ನಾ ಮಸೆದು ಕೊಟ್ರ ಮತ್ತ ಕೆಡಿಸ್ಕೊಂಡು ಬರ್ತೀರಿ” ಎಂದು ನಮ್ಮ ಕೈಗೇ ಕೊಟ್ಟನು. ಕಾಟಕೋನದ ಅರ್ಧ, ಅದರ ಅರ್ಧಕ್ಕಿಂತ ತುಸು ಕಡಮೆ, ಅಂದರೆ ಸುಮಾರು ಇಪ್ಪತ್ತು ಅಂಶದ ಓರೆಯಲ್ಲಿ ಅಲಗನ್ನು ಹಿಡಿದು, ನೀರು ಚಿಮುಕಿಸುತ್ತ, ಒಂದು ಪಕ್ಕಕ್ಕೆ ಎಷ್ಟು ಎಳೆತವೋ ಇನ್ನೊಂದಕ್ಕೂ ಅಷ್ಟೇ. ಓರೆ ತಪ್ಪಿದಾಗಲೆಲ್ಲ ಅವನು ನಮ್ಮ ಮಣಿಕಟ್ಟನ್ನು ಹಿಡಿದು ತಿದ್ದುವನು; “ಅವಸರ ಬ್ಯಾಡ್ರಿ” ಎನ್ನುವನು. ಎರಡು ತಾಸಿನಲ್ಲಿ ಹತ್ತಾರು ಸಲ ತಪ್ಪಿದೆವು. ಒಂದು ಸಲವೂ ಅವನು ಬೇಸರದ ಮಾತಾಡಲಿಲ್ಲ. ಕೊನೆಗೆ ನುಣುಪು ಕಲ್ಲು. ಬೂರುಗದ ಹಲಗೆಗೆ ಬದಲು ಹಳೆಯ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಹತ್ತು ಸಲ. ಮುಂಗೈಯ ರೋಮವನ್ನು ತಾಕಿಸಿ ನೋಡಿದೆವು, ಉದುರಿತು. ಸುಶ್ರುತನ ಪರೀಕ್ಷೆಯೂ ಅದೇ.

ಅವನು ಹೇಳಿದ ಉಳಿದ ಮಾತುಗಳನ್ನು ಗೃಹಸ್ಥರ ಉಪಯೋಗಕ್ಕಾಗಿ ಬರೆಯುತ್ತೇವೆ. ಹುಳಿಯನ್ನು ಕೊಯ್ದೊಡನೆ ತೊಳೆದು, ಒರಸಿ, ಪೂರ್ಣ ಒಣಗಿದ ಮೇಲೆ ಮಡಚಬೇಕು. ಬೂದು-ಕಪ್ಪು ಕಲೆಯಿಂದ ಕೇಡಿಲ್ಲ, ಅದು ಉಕ್ಕಿಗೆ ಹೊದಿಕೆಯಂತೆ. ಕೆಂಪು ತುಕ್ಕನ್ನು ಮಾತ್ರ ಕೂಡಲೆ ಉಜ್ಜಿ ತೆಗೆಯಬೇಕು. ಕೀಲಿಗೆ ಹೊಲಿಗೆಯಂತ್ರದ ಎಣ್ಣೆ ಒಂದೇ ಹನಿ. ಕುಸುಬಿಯಂಥ ಒಣಗುವ ಎಣ್ಣೆ ಬೇಡ. ಆಹಾರ ಮುಟ್ಟುವ ಅಲಗಿಗೆ ಕೊಬ್ಬರಿ ಎಣ್ಣೆಯ ಕೈ ಸವರಿದರೆ ಸಾಕು. ಕಟ್ಟಿಗೆಯ ಮೇಲೆ ಕೊಯ್ಯಬೇಕು. ತಾಟು, ಕಲ್ಲುಗಳ ಮೇಲಲ್ಲ. ಸ್ಕ್ರೂ ತಿರುಗಿಸಲು, ಡಬ್ಬಿಯ ಮುಚ್ಚಳ ಎಬ್ಬಿಸಲು ಮೊನೆಯನ್ನು ಹಾಕಬಾರದು. ಚರ್ಮದ ಚೀಲದಲ್ಲಿ ಬಹುದಿನ ಇಡಬಾರದು. ಎಲ್ಲಕ್ಕೂ ಮಿಗಿಲಾಗಿ, ದಿನಾಲು ಬಳಸಬೇಕು.

ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ನಮ್ಮ ಬಾಯಲ್ಲಿ ಒಂದು ಮಾತು ಬಂದು ನಿಂತಿತು. ಹೇಳದೆ ಬಸ್ಸು ಹತ್ತಿದೆವು.

ಬಸವನಬಾಗೇವಾಡಿಯು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಹುಟ್ಟಿದ ಊರು. ಬಸವೇಶ್ವರನ ಗುಡಿಯಲ್ಲಿ ಕುಳಿತಾಗ ಅವರ ವಚನವೊಂದು ಮನಸ್ಸಿಗೆ ಬಂದಿತು. ಅದರಲ್ಲಿ ಕಾಯಕಗಳನ್ನು ಸಾಲಾಗಿ ಹೇಳುವಾಗ ಕಮ್ಮಾರನನ್ನು ಮೊದಲು ಹೇಳಿ, ವೇದ ಓದಿದವನನ್ನು ಕೊನೆಗೆ ಇಟ್ಟಿದ್ದಾರೆ. ವರ್ಷವರ್ಷವೂ ಈ ವಚನದ ಅರ್ಥವನ್ನು ನಾವು ಫಲಕದ ಮೇಲೆ ಬರೆದವರೇ.

ಗುರುವಂದನೆಯಲ್ಲಿ ಶಾಲು ಹೊದಿಸಿದರು. ಪರದೇಶದ ಶಿಷ್ಯನು ಚಾಕುವನ್ನು ತೆರೆದು, “ಅಲಗು ಸ್ವಲ್ಪ ಸವೆದಂಗ ಕಾಣ್ತದಲ್ರಿ, ಸರ್” ಎಂದನು. ನಡೆದದ್ದನ್ನೆಲ್ಲ ಹೇಳಿದೆವು. ಭಾಷಣಕ್ಕೆ ನಿಂತಾಗ ಕಂಬಾರನ ಸಂಗತಿಯನ್ನೂ, ಅಂದು ವರ್ಗದಲ್ಲಿ ನಾವಾಡಿದ ಮಾತನ್ನೂ ಮುಚ್ಚದೆ ತಿಳಿಸಿದೆವು. ಸಭೆಯು ಚಪ್ಪಾಳೆ ತಟ್ಟಿತು. ಆದರೆ ಅಂದು ಆ ಮಾತು ಯಾರಿಗೆ ತಾಗಿತೋ ಅವನು ಆ ಸಭೆಯಲ್ಲಿರಲಿಲ್ಲ. ಬಾಗೇವಾಡಿಯಲ್ಲಿ ಮಾಡಿದ ತಪ್ಪೊಪ್ಪಿಗೆ ಮುದ್ದೇಬಿಹಾಳಕ್ಕೆ ಸಲ್ಲುವದಿಲ್ಲ.

ಆದುದರಿಂದ ಮರುದಿನ ಇಂಡಿಯ ಬಸ್ಸು ಬಿಟ್ಟು ತಿರುಗಿ ಮುದ್ದೇಬಿಹಾಳಕ್ಕೇ ಹೋದೆವು. ಕುಲುಮೆಯ ಮುಂದೆ, ಅವನ ಮಗನೂ ಕುಡಗೋಲು ತಂದಿದ್ದ ನಾಲ್ಕಾರು ರೈತರೂ ಕೇಳುವಂತೆ, “ಅಂದು ನಿನಗೆ ಕುಂಠಬುದ್ಧಿ ಎಂದದ್ದು ನಮ್ಮ ತಪ್ಪು. ಹದ ತಪ್ಪಿಸಿದವರು ನಾವು” ಎಂದೆವು.

ಅವನು ಬಹಳ ಹೊತ್ತು ಬೆಂಕಿಯನ್ನು ನೋಡುತ್ತ ಸುಮ್ಮನಿದ್ದನು. ಆಮೇಲೆ ಕೈಚಾಚಿ ಕೇಳಿದನು:

“ಚಾಕು ಒರಸಿ ಇಟ್ಟೀರಿಲ್ರಿ, ಗುರುಗಳ? ತರ್ರಿ, ನೋಡೂಣು.”