ಪದರ ಮರದ ತೂಕ, ಉಬ್ಬು

ಬೀಚ್ ಯುರೋಪಿನ ಕಾಡುಗಳ ಗಟ್ಟಿಮರ. ಎಳೆ ನಯ, ಬಣ್ಣ ತಿಳಿಗೆಂಪು. ಕುರ್ಚಿಗೆ, ನೆಲಹಾಸಿಗೆ, ಸೌದೆಗೆ ಹೇಳಿ ಮಾಡಿಸಿದಂತಿದ್ದ ಈ ಮರ ಮನೆಯ ತೊಲೆಗೆ ಅಷ್ಟಾಗಿ ಒಗ್ಗಲಿಲ್ಲ. ತೇವ ತಗುಲಿದರೆ ಉಬ್ಬುವುದು, ಒಣಗಿದರೆ ಸೊಟ್ಟಗಾಗುವುದು ಇದರ ಸ್ವಭಾವ. ಜರ್ಮನಿಯ ತುರಿಂಗಿಯಾದಲ್ಲಿ 2014ರಿಂದ ತಯಾರಾಗುತ್ತಿರುವ ‘ಬೌಬೂಖೆ’ ಎಂಬ ಪದರ ಮರ ಬೀಚ್ ಅನ್ನು ತೊಲೆಯ ಕೆಲಸಕ್ಕೆ ಒಗ್ಗಿಸಿತು.

ದಿಮ್ಮಿಯನ್ನು ಹಬೆಯಲ್ಲಿ ಮೆದುಗೊಳಿಸಿ, ತಿರುಗಿಸುತ್ತ ಸುಮಾರು 3 ಮಿ.ಮೀ. ದಪ್ಪದ ಹಾಳೆಗಳನ್ನು ಸುಲಿಯುತ್ತಾರೆ. ಒಣಗಿದ ಹಾಳೆಗಳಿಗೆ ಫಿನಾಲಿಕ್ ಅಂಟು ಹಚ್ಚಿ, ಎಳೆಗಳೆಲ್ಲ ಒಂದೇ ದಿಕ್ಕಿಗಿರುವಂತೆ ಜೋಡಿಸಿ, ಬಿಸಿಯಲ್ಲಿ ಒತ್ತುತ್ತಾರೆ. ಗಂಟು, ಸೀಳುಗಳು ಪದರಗಳಲ್ಲಿ ಹಂಚಿಹೋಗುವುದರಿಂದ ಬಲ ಎಲ್ಲೆಡೆ ಸಮನಾಗಿರುತ್ತದೆ.

ಒಣಗಿದ ಬೀಚ್ ಘನಮೀಟರಿಗೆ ಸುಮಾರು 700 ಕಿಲೋ ತೂಗಿದರೆ ಈ ಪದರ ಮರ ಸುಮಾರು 800 ಕಿಲೋ ತೂಗುತ್ತದೆ. ಯಾವ ಮರವಾದರೂ ಅದರ ಕೋಶಗೋಡೆಯ ಸಾಂದ್ರತೆ ಘನಮೀಟರಿಗೆ ಸುಮಾರು 1500 ಕಿಲೋ. ಹಗುರ ಮರ, ಭಾರದ ಮರ ಎಂಬ ಭೇದ ಹುಟ್ಟುವುದು ಕೋಶದೊಳಗಿನ ಟೊಳ್ಳಿನಿಂದ. ಒತ್ತುಯಂತ್ರ ಆ ಟೊಳ್ಳನ್ನು ಕಿರಿದಾಗಿಸುತ್ತದೆ, ಅಂಟು ಒಂದಿಷ್ಟು ತೂಕ ಕೂಡಿಸುತ್ತದೆ.

ಉಬ್ಬುವ ಗುಣಕ್ಕೂ ಕೋಶಗೋಡೆಯೇ ಕಾರಣ. ಗಾಳಿಯ ತೇವ ಗೋಡೆಯೊಳಗೆ ಸೇರಿ ಅದನ್ನು ಹಿಗ್ಗಿಸುತ್ತದೆ. ಸಾಂದ್ರತೆ ಹೆಚ್ಚಿದಷ್ಟೂ ಗೋಡೆಯ ಪಾಲು ಹೆಚ್ಚು, ಹಿಗ್ಗೂ ಹೆಚ್ಚು. ತೇವಾಂಶ ಶೇ. 1ರಷ್ಟು ಏರಿದರೆ ಬೀಚ್ ವಾರ್ಷಿಕ ಉಂಗುರದ ಗುಂಟ ಸುಮಾರು ಶೇ. 0.4ರಷ್ಟು, ತಿರುಳಿನಿಂದ ತೊಗಟೆಯತ್ತ ಅದರ ಅರ್ಧದಷ್ಟು ಹಿಗ್ಗುತ್ತದೆ. ಉದ್ದದಲ್ಲಿ ಹಿಗ್ಗು ನಗಣ್ಯ. ಸುಲಿದ ಹಾಳೆಯಲ್ಲಿ ಅಗಲ ಉಂಗುರದ ಗುಂಟವೇ ಬರುತ್ತದೆ. ಹೀಗಾಗಿ 300 ಮಿ.ಮೀ. ಅಗಲದ ಹಲಗೆಯ ತೇವಾಂಶ ಶೇ. 6ರಿಂದ 10ಕ್ಕೇರಿದರೆ ಅಗಲ ಸುಮಾರು 5 ಮಿ.ಮೀ. ಹೆಚ್ಚುತ್ತದೆ. ಹಲಗೆ ಒಣಗಿದಾಗ ಈ ಹಿಗ್ಗು ಇಳಿಯುತ್ತದೆ.

ದಪ್ಪದಲ್ಲಿ ಇನ್ನೊಂದು ಹಿಗ್ಗು ಬೆರೆತಿದೆ. ಒತ್ತಿನಲ್ಲಿ ಅಮುಕಿದ್ದ ಕೋಶಗಳು ನೀರು ಕುಡಿದಾಗ ಹಳೆಯ ಆಕಾರದತ್ತ ಮರಳುತ್ತವೆ. ಈ ಭಾಗ ಒಣಗಿದ ಮೇಲೂ ಉಳಿದುಬಿಡುತ್ತದೆ. ಕೆಲವು ಹಾಳೆಗಳನ್ನು ಅಡ್ಡಲಾಗಿಟ್ಟರೆ ಅವುಗಳ ಉದ್ದದ ಎಳೆ ಅಗಲದ ಹಿಗ್ಗನ್ನು ಹಿಡಿದಿಡುತ್ತದೆ. ದಪ್ಪಕ್ಕೆ ಅಂಥ ಕಡಿವಾಣವಿಲ್ಲ.

ಆದ್ದರಿಂದ ಈ ಮರ ಸೂರಿನಡಿಯ ಒಣ ಜಾಗಕ್ಕೆ ತಕ್ಕದ್ದು. ಕೆತ್ತುವ ಮೊದಲು ಅದು ಕಟ್ಟಡದ ಗಾಳಿಗೆ ಹದಗೊಳ್ಳಬೇಕು. ಎಳೆಗಳ ತುದಿ ಕಾಣುವ ಕಡೆಯಿಂದಲೇ ನೀರು ಬೇಗ ಒಳಸೇರುವುದರಿಂದ ಅಲ್ಲಿ ಲೇಪ ಬೇಕು. ಅಗಲ, ದಪ್ಪಗಳ ಬದಿಯಲ್ಲಿ ಹಿಗ್ಗಿಗೆ ಸಂದು ಬಿಡಬೇಕು. ಮರದ ಚಲನೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಗುರುತು ಹಾಕುವುದರಲ್ಲೇ ಬಡಗಿಯ ಕುಶಲತೆಯೂ ಸುಖವೂ ಇವೆ.