ನೋವು ನಿಂತಿತೆಂದು ಸುಮ್ಮನಾದೆವು

ಉಮ್ಮನ ಕೆಳದವಡೆಯ ಕೊನೆಯ ಹಲ್ಲು ಹುಳುಕಾಗಿ ವರ್ಷಗಳೇ ಕಳೆದಿದ್ದವು. ಶಅಬಾನ್ ತಿಂಗಳಲ್ಲಿ ನೋವು ಜೋರಾಯಿತು. ಲವಂಗ ಕಚ್ಚಿಕೊಂಡು, ಉಪ್ಪುನೀರು ಮುಕ್ಕಳಿಸಿ ಒಂದು ವಾರ ತಳ್ಳಿದರು. ಒಂದು ಬೆಳಿಗ್ಗೆ ನೋವು ತಾನಾಗಿಯೇ ನಿಂತಿತು. "ಅಲ್‌ಹಮ್ದುಲಿಲ್ಲಾಹ್, ಇನ್ನು ಹಬ್ಬ ಕಳೆದ ಮೇಲೆ ತೋರಿಸಿದರಾಯಿತು" ಎಂದರು. ನಾನೂ ಒಪ್ಪಿದೆ. ನಿಜ ಹೇಳಬೇಕೆಂದರೆ, ಆಗ ಆಸ್ಪತ್ರೆಗೆ ಓಡಾಡಲು ನನಗೂ ಮನಸ್ಸಿರಲಿಲ್ಲ.

ರಮಝಾನಿನ 12ನೇ ಸಹರಿಗೆ ಎದ್ದಾಗ ಉಮ್ಮ ಗೋಡೆಗೊರಗಿ ಕುಳಿತಿದ್ದರು. ಗಲ್ಲದ ಕೆಳಗೆ ಎರಡೂ ಕಡೆ ಊದಿ ಮರದಂತೆ ಗಟ್ಟಿಯಾಗಿತ್ತು. ಬಾಯಿ ಒಂದು ಬೆರಳಗಲವೂ ತೆರೆಯದು. ನಾಲಿಗೆ ಮೇಲಕ್ಕೆದ್ದಿತ್ತು. ಎಂಜಲು ನುಂಗಲಾಗದೆ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯಿಡೀ ಹಾಗೆಯೇ ಕುಳಿತಿದ್ದರಂತೆ. ನಮ್ಮ ನಿದ್ದೆ ಕೆಡುತ್ತದೆಂದು ಎಬ್ಬಿಸಿರಲಿಲ್ಲ!

ಇದಕ್ಕೆ ಲುಡ್ವಿಗ್ಸ್ ಆಂಜೈನಾ ಎನ್ನುತ್ತಾರೆಂದು ವೈದ್ಯರು ಹೇಳಿದರು. 1836ರಲ್ಲೇ ಜರ್ಮನಿಯ ವೈದ್ಯ ಲುಡ್ವಿಗ್ ಇದನ್ನು ವಿವರಿಸಿದ್ದರು. ಹಲ್ಲಿನೊಳಗಿನ ನರ ಸತ್ತರೆ ನೋವು ನಿಲ್ಲುತ್ತದೆ, ಆದರೆ ರೋಗಾಣುಗಳು ಸಾಯುವುದಿಲ್ಲ. ಸತ್ತ ಭಾಗಕ್ಕೆ ರಕ್ತ ಹರಿಯದ ಕಾರಣ ಮಾತ್ರೆಯ ಔಷಧಿಯೂ ಅಲ್ಲಿಗೆ ತಲುಪದು. ರೂಟ್ ಕೆನಾಲ್ ಮಾಡಬೇಕು, ಇಲ್ಲವೇ ಹಲ್ಲು ಕೀಳಬೇಕು. ಕೆಳಗಿನ ಹಿಂಬದಿಯ ದವಡೆ ಹಲ್ಲುಗಳ ಬೇರು ಆಳಕ್ಕಿಳಿದಿರುವುದರಿಂದ ಸೋಂಕು ನಾಲಿಗೆಯ ಅಡಿಗೆ, ಕುತ್ತಿಗೆಗೆ ಹರಡಿ ಉಸಿರುದಾರಿಯನ್ನೇ ಮುಚ್ಚಬಹುದು. ಎದೆಗೂ ಇಳಿಯಬಹುದು, ರಕ್ತಕ್ಕೂ ಸೇರಬಹುದು. ಉಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ. ಸಕ್ಕರೆ ಹೆಚ್ಚಿದ್ದರೆ ಸೋಂಕು ಬೇಗ ಹಬ್ಬುತ್ತದೆ, ಸೋಂಕಿನಿಂದ ಸಕ್ಕರೆ ಮತ್ತಷ್ಟು ಏರುತ್ತದೆ. ಅಂದು ಅದು 380 ಇತ್ತು.

ಗಲ್ಲದ ಕೆಳಗೆ ಕೊಯ್ದು ಕೀವು ತೆಗೆದರು, ಹಲ್ಲನ್ನೂ ಕಿತ್ತರು. ಮೂರು ದಿನ ತೀವ್ರ ನಿಗಾ ಘಟಕದ ಹೊರಗೆ ತಸ್ಬೀಹ್ ಹಿಡಿದು ಕುಳಿತಿದ್ದೆ. 'ಹಬ್ಬ ಕಳೆದ ಮೇಲೆ' ಎಂಬ ಮಾತಿಗೆ ನಾನೂ ತಲೆಯಾಡಿಸಿದ್ದೆನಲ್ಲ ಎಂಬುದೊಂದೇ ಮನಸ್ಸಿನಲ್ಲಿ. ನೀರು, ರಕ್ತ ನುಂಗದಂತೆ ನೋಡಿಕೊಂಡರೆ ಹಲ್ಲಿನ ಚಿಕಿತ್ಸೆಯಿಂದ ಉಪವಾಸ ಮುರಿಯುವುದಿಲ್ಲವೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಮನಸ್ಸು ಒಪ್ಪದಿದ್ದರೆ ಇಫ್ತಾರ್ ನಂತರವಾದರೂ ಹೋಗಬಹುದಿತ್ತು. ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ಇವೆಲ್ಲ ನಮಗೆ ಗೊತ್ತಿದ್ದದ್ದೇ.

ಬಿಟ್ಟುಹೋದ 19 ಉಪವಾಸಗಳನ್ನು ಉಮ್ಮ ಈಗ ವೈದ್ಯರನ್ನು ಕೇಳಿಕೊಂಡೇ ಒಂದೊಂದಾಗಿ ಖಝಾ ಮಾಡುತ್ತಿದ್ದಾರೆ. ಮೊನ್ನೆ ತಂಗಿ ಫೋನಿನಲ್ಲಿ, "ಹಲ್ಲುನೋವಿತ್ತು, ನಿನ್ನೆಯಿಂದ ಇಲ್ಲ" ಎಂದಳು. ಉಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ಇವತ್ತೇ ಡಾಕ್ಟರಿಗೆ ತೋರಿಸು ಮಗಳೇ" ಎಂದರು.